ಹಾಡಿ (ಕಾಡಂಚಿನ ಬುಡಕಟ್ಟು ಕೇರಿ) ಮಕ್ಕಳು ಮಾತೇ ಆಡ್ತಿಲ್ಲ, ಅನುಭವ ಇದ್ದವರು ಹೇಳಿ

ನಮ್ಮೂರು ದಾವಣಗೆರೆ. ಎಚ್.ಡಿ. ಕೋಟೆ ಕಡೆಯ ಆಶ್ರಮ ಶಾಲೆಗೆ (ಬುಡಕಟ್ಟು ಮಕ್ಕಳ ವಸತಿ ಶಾಲೆ) ಮೇಷ್ಟ್ರಾಗಿ ಹೊಸದಾಗಿ ಬಂದಿದ್ದೇನೆ. ಜೇನುಕುರುಬ ಮಕ್ಕಳೇ ಹೆಚ್ಚು. ಏನು ಕೇಳಿದರೂ ತಲೆ ತಗ್ಗಿಸುತ್ತಾರೆ. ದನಿ ಸ್ವಲ್ಪ ಏರಿದರೆ ಮರುದಿನ ಹಾಡಿಗೆ ಓಟ. ಇವರ ನಂಬಿಕೆ ಗಳಿಸೋದು ಹೇಗೆ?

ನಿವೃತ್ತ ಮೇಷ್ಟ್ರು, ಹುಣಸೂರು
ಸರ್, ಆ ಹೆದರಿಕೆ ನೀವು ಬರೋ ಮೊದಲೇ ಅಲ್ಲಿತ್ತು. ಬಂಡೀಪುರ ಹುಲಿ ಯೋಜನೆಗೆ ಸೇರಿದ್ದು 1973ರಲ್ಲಿ. ಅಲ್ಲಿಂದ, ನಾಗರಹೊಳೆಯಿಂದ, ಕಬಿನಿ ಹಿನ್ನೀರಿನಿಂದ ಎಷ್ಟೋ ಹಾಡಿಗಳನ್ನ ಎಬ್ಬಿಸಿ ಕಳಿಸಿದರು. ಜೀಪು, ಖಾಕಿ, ಕಾಗದ ಹಿಡಿದು ಹೆಸರು ಕೇಳೋರು, ಇವರ ಕಥೆ ಕೇಳಿ ಬೆಳೆದ ಮಗುವಿಗೆ ಹಾಜರಿ ಪುಸ್ತಕ ಹಿಡಿದ ಮೇಷ್ಟ್ರೂ ಅವರಲ್ಲೊಬ್ಬ. ನಾನು ಹೆಸರು ಕೂಗೋದನ್ನೇ ಬಿಟ್ಟು, ಮುಖ ನೋಡಿ ಬರ್ಕೊಳ್ತಿದ್ದೆ.

ಓಡಿಹೋದವನು ವಾಪಸ್ ಬಂದಾಗ ಎಲ್ಲರೆದುರು ವಿಚಾರಣೆ ಬೇಡ. "ಬಂದ್ಯಾ, ಊಟ ಆಯ್ತಾ" ಅಷ್ಟು ಸಾಕು. ಶನಿವಾರ ಮನೆಗೆ ಕಳಿಸ್ತೀನಿ ಅಂದಿದ್ರೆ ಕಳಿಸಲೇಬೇಕು. ಮಳೆಗೋ ಆನೆ ಕಾಟಕ್ಕೋ ಆಗದಂತಿದ್ರೆ ಹಿಂದಿನ ದಿನವೇ ಹೇಳಿಬಿಡಿ. ಹಾಡಿಗೂ ಹೋಗಿ, ಆದರೆ ದೂರು ಹೊತ್ಕೊಂಡಲ್ಲ. ಹಾಡಿಯ ಯಜಮಾನರ ಹತ್ರ ಸುಮ್ಮನೆ ಕೂತು ಬನ್ನಿ.

ಟೀಚರ್, ದಕ್ಷಿಣ ಕೊಡಗು
ಕಾಫಿ ಕುಯ್ಲಿನ ಸಮಯದಲ್ಲಿ ಅಪ್ಪ ಅಮ್ಮನ ಜೊತೆ ಮಕ್ಕಳೂ ತೋಟದ ಲೈನ್‌ಮನೆಗೆ (ಕೂಲಿಯವರ ಸಾಲುಮನೆ) ಹೋಗ್ತಾರೆ. ಬಂದ ಮೇಲೆ ಪಾಠ ಮುಂದೆ ಹೋಗಿರುತ್ತೆ, ಆ ನಾಚಿಕೆಗೇ ಎಷ್ಟೋ ಜನ ಮತ್ತೆ ಬರಲ್ಲ. ನಲಿಕಲಿ ಅನ್ನೋ ಕಲಿಕೆ ಪದ್ಧತಿ 1995ರಲ್ಲಿ ಶುರುವಾಗಿದ್ದು ನಿಮ್ಮ ಕೋಟೆ ತಾಲ್ಲೂಕಲ್ಲೇ (ಅಲ್ಲಿನವರಿಗೇ ಇದು ಮರೆತುಹೋಗಿದೆ!). ಅದರಲ್ಲಿ ಮಗು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯುತ್ತೆ. ಮೇಲಿನ ತರಗತಿಗೂ ನಾನು ಅದನ್ನೇ ಹಿಡಿದಿದ್ದೀನಿ.

ಹಾಡಿಯಲ್ಲೇ ಹುಟ್ಟಿ, ಆಶ್ರಮ ಶಾಲೆಯಲ್ಲಿ ಓದಿದವಳು
ಮೇಷ್ಟ್ರು ಹೇಳಿದ್ದು ಸರಿ, ಆದರೆ ಹಾಡಿಗೆ ಬಂದೋರು ಫೋಟೊ ತೆಗೀಬೇಡಿ. "ನಿಮ್ಮನೆ ಕಷ್ಟ ಹೇಳು" ಅಂತ ಮಗುವನ್ನ ಕೆದಕಲೂಬೇಡಿ. ಹೇಳಬೇಕು ಅನ್ನಿಸಿದಾಗ ಅದೇ ಹೇಳುತ್ತೆ, ಹೇಳದೆಯೂ ಇರಬಹುದು. ನಮ್ಮ ಮಾತಲ್ಲಿ ಉತ್ತರ ಕೊಟ್ಟರೆ ಉತ್ತರ ಸರಿಯಿದೆಯಾ ನೋಡಿ, ಕನ್ನಡ ಆಮೇಲೆ ಬರುತ್ತೆ.

ಇನ್ನೊಂದು, ವಾರ್ಡನ್ ಜೊತೆಗೂ ಮಾತಾಡಿ. ಹಗಲು ನೀವು ಮೆತ್ತಗಿದ್ದು, ರಾತ್ರಿ ಹಾಸ್ಟೆಲಲ್ಲಿ ಬೆತ್ತ ಆಡಿದರೆ ಮಗು ನಂಬೋದು ಬೆತ್ತವನ್ನೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯೋದನ್ನೂ ಹೀಯಾಳಿಸೋದನ್ನೂ ನಿಷೇಧಿಸಿದೆ. ಅಗತ್ಯ ಬಿದ್ದರೆ ಅದನ್ನೇ ತೋರಿಸಿ.