ವಿಷಯ: ಎರಡಕ್ಕೂ ‘ಹವಾಮಾನ ವೈಪರೀತ್ಯ’ ಅಂದರೆ ಹೇಗೆ?

ಗೆಳೆಯರೇ, ಸ್ವಲ್ಪ ಅವಸರ. ಶನಿವಾರ ಬಸವನಗುಡಿಯಲ್ಲಿ ಹವಾಗುಣ ವಿಜ್ಞಾನಿಯೊಬ್ಬರ ಮಾತು ಇದೆ. ಬೋರ್ಡಿನ ಸಾಲುಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಇವತ್ತು ಸಂಜೆ ಅಚ್ಚಿಗೆ ಕೊಡಬೇಕು. ‘ಕ್ಲೈಮೇಟ್ ಚೇಂಜ್’ಗೂ ‘ಎಕ್ಸ್‌ಟ್ರೀಮ್ ವೆದರ್’ಗೂ ಪತ್ರಿಕೆಗಳಲ್ಲಿ ‘ಹವಾಮಾನ ವೈಪರೀತ್ಯ’ ಎಂದೇ ಬರುತ್ತದೆ. ಅವರ ಸಂಶೋಧನೆ ಇರುವುದೇ ಇವೆರಡರ ನಂಟಿನ ಮೇಲೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿಯಬಲ್ಲದು, ಹಾಗಾಗಿ ಸುರಿದಾಗ ಜೋರಾಗಿ ಸುರಿಯುತ್ತದೆ. ಇದನ್ನು ಈಗಿನ ಪದದಲ್ಲಿ ಬರೆದರೆ ‘ವೈಪರೀತ್ಯದಿಂದ ವೈಪರೀತ್ಯ ಹೆಚ್ಚುತ್ತಿದೆ’ ಎಂದಾಗುತ್ತದೆ! ಏನು ಹಾಕಲಿ?

----

ಮೊದಲನೆಯದು ‘ಹವಾಗುಣ ಬದಲಾವಣೆ’. ಇದರಲ್ಲಿ ಚರ್ಚೆ ಬೇಡ. ಗುಣ ಬೇಗ ಹೋಗುವುದಲ್ಲ. ಹವಾಗುಣಕ್ಕೆ 30 ವರ್ಷದ ಸರಾಸರಿ ನೋಡುತ್ತಾರೆ. ಇವತ್ತಿನ ಮಳೆ ಹವಾಮಾನ. ಎರಡನೆಯದಕ್ಕೆ ‘ವಿಪರೀತ’ ಇರಲಿ. ಸಂಸ್ಕೃತದಲ್ಲಿ ಅದು ‘ತಿರುಗುಮುರುಗು’. ನಾವು ‘ಮಿತಿಮೀರಿ ಜಾಸ್ತಿ’ ಮಾಡಿಕೊಂಡೆವು: ವಿಪರೀತ ಸೆಕೆ, ವಿಪರೀತ ಜನ. ಕನ್ನಡ ಕೊಟ್ಟ ಅರ್ಥ ಅದು, ಬಿಡಬಾರದು. ‘ವೈಪರೀತ್ಯ’ ಎಂದ ಕೂಡಲೇ ಆ ಸಲೀಸು ಹೋಗುತ್ತದೆ.

ಇನ್ನೊಂದು. ದೊಡ್ಡ ಮಳೆಗೆಲ್ಲ ‘ಮೇಘಸ್ಫೋಟ’ ಬರೆಯಬೇಡಿ. ಅದಕ್ಕೆ ಒಂದು ಗಂಟೆಯಲ್ಲಿ 100 ಮಿ.ಮೀ. ಬೀಳಬೇಕು. 2022ರ ಸೆಪ್ಟೆಂಬರ್ 5ರ ಬೆಳಗ್ಗೆಗೆ ಬೆಂಗಳೂರಲ್ಲಿ ಒಂದು ದಿನಕ್ಕೆ ದಾಖಲಾದದ್ದು 131.6 ಮಿ.ಮೀ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ‘ಅತಿ ಭಾರಿ’. ಬಡಾವಣೆಗಳು ಮುಳುಗಿದವು ನಿಜ, ಪದ ಮಾತ್ರ ಬೇರೆ.

----

ಗುಣ, ಮಾನ, ವಿಪರೀತ ಎಲ್ಲ ಸಂಸ್ಕೃತ. ಹವಾ ಅರಬ್ಬಿ. ಇದರಲ್ಲಿ ಕನ್ನಡ ಎಲ್ಲಿದೆ? ‘ಹದ್ದುಮೀರಿದ ಗಾಳಿಮಳೆ’ ಅನ್ನಿ, ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ಸಾಲ ತಂದು ತಂದೇ ನಮ್ಮ ಪದಗಳು ಮೂಲೆ ಸೇರಿದವು.

----

ಆಗದು. ‘ಹದ್ದು’ ಕೂಡ ಅರಬ್ಬಿಯೇ. 2024ರ ಏಪ್ರಿಲ್‌ನಲ್ಲಿ ಈ ಊರಲ್ಲಿ ಮಳೆಯೇ ಇಲ್ಲ, ಬಿಸಿಲು 38 ಡಿಗ್ರಿ ದಾಟಿತು. ಅದೂ ಎಕ್ಸ್‌ಟ್ರೀಮ್ ವೆದರ್ ಅಲ್ವಾ? ಅದನ್ನು ಗಾಳಿಮಳೆ ಅನ್ನುತ್ತೀರಾ? ಮೊದಲು ಅರ್ಥ ಸರಿಹೋಗಲಿ, ಆಮೇಲೆ ಕುಲ ಕೇಳೋಣ.

----

ಹದ್ದು ಎಷ್ಟೋ ಕಾಲದಿಂದ ನಮ್ಮ ಬಾಯಲ್ಲಿದೆ, ಅದು ನಮ್ಮದೇ. ವೈಪರೀತ್ಯವನ್ನು ಯಾವ ಅಜ್ಜಿ ಅನ್ನುತ್ತಾಳೆ ಹೇಳಿ.

----

ಅಚ್ಚಿನವರ ಫೋನ್ ಬಂತು. ‘ಹವಾಗುಣ ಬದಲಾದಂತೆ ವಿಪರೀತ ಮಳೆ, ವಿಪರೀತ ಸೆಕೆ’ ಎಂದು ಕೊಟ್ಟೆ. ಇಬ್ಬರಿಗೂ ವಂದನೆ. ‘ಹೀಟ್ ವೇವ್’ಗೆ ಸದ್ಯ ‘ಬಿಸಿಗಾಳಿ’ ಹಾಕಿದ್ದೇನೆ. ಆದರೆ ಗಾಳಿಯೇ ಇಲ್ಲದ ದಿನಗಳಿಗೂ ಅದು ಹೊಂದುತ್ತದೆಯೇ?