ಸಣ್ಣ ಮಕ್ಕಳ ಜೊತೆ ಕ್ರೂಸ್: ಲಕ್ಷದ್ವೀಪವಾ, ಸಿಂಗಾಪುರವಾ, ದುಬೈಯಾ?

ಕಾಳಿದಂಡೆ, ಕಾರವಾರ

ನಮಸ್ಕಾರ ಎಲ್ರಿಗೂ. ಮಕ್ಕಳನ್ನ ಕರ್ಕೊಂಡು ಕ್ರೂಸಿಗೆ, ಅಂದ್ರೆ ಹಡಗಲ್ಲೇ ಉಳ್ಕೊಂಡು ಊರು ಸುತ್ತೋ ಪ್ರವಾಸಕ್ಕೆ, ಎಲ್ಲಿಗೆ ಹೋಗೋದು ಅಂತ ಮನೆಯಲ್ಲಿ ಹದಿನೈದು ದಿನದಿಂದ ಚರ್ಚೆ, ಇತ್ಯರ್ಥ ಆಗ್ತಾ ಇಲ್ಲ, ಅದಕ್ಕೆ ನಿಮ್ಮನ್ನೇ ಕೇಳುವಾ ಅಂತ ಬಂದೆ. ಮಗಳಿಗೆ ಐದೂವರೆ, ಮಗನಿಗೆ ಜನವರಿಗೆ ಎರಡು ತುಂಬ್ತದೆ. ಮಗಳನ್ನ ಟಾಗೋರ್ ಬೀಚಿಗೆ ಕರ್ಕೊಂಡು ಹೋದಾಗೆಲ್ಲ ಆ ಚಾಪಲ್ ಯುದ್ಧನೌಕೆ ಮ್ಯೂಸಿಯಂ ಹತ್ತಲೇಬೇಕು, ಹತ್ತಿದ ಮೇಲೆ ಪ್ರತಿ ಸಲ ಒಂದೇ ಪ್ರಶ್ನೆ, "ಅಮ್ಮಾ ಈ ಹಡಗು ಯಾವಾಗ ಹೊರಡ್ತದೆ?" ಮರಳ ಮೇಲೆ ಕೂತ ಹಡಗು ಎಲ್ಲಿಗೆ ಹೊರಡೋದು ಮಾರಾಯ್ರೆ. ಅವಳಪ್ಪ ಒಂದಿನ ಬಾಯಿತಪ್ಪಿ "ಓಡೋ ಹಡಗಲ್ಲೇ ಕರ್ಕೊಂಡು ಹೋಗ್ತೆ ಪುಟ್ಟಾ" ಅಂದುಬಿಟ್ರು, ಅವತ್ತಿಂದ ಶಾಲೆಯಲ್ಲೆಲ್ಲ ಸುದ್ದಿ ಹಬ್ಬಿಸಿ ಆಗಿದೆ, ಟೀಚರು ನನ್ನ ಹತ್ರ ಯಾವಾಗ ಹೊರಡೋದು ಅಂತ ಕೇಳಿದ್ರು.

ಈಗ ಮೂರು ಆಯ್ಕೆ ಇಟ್ಕೊಂಡಿದೇವೆ. ಒಂದು ಮುಂಬೈಯಿಂದ ಲಕ್ಷದ್ವೀಪ. ಎರಡು ಸಿಂಗಾಪುರದಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಪುಕೆಟ್ ಸುತ್ತಿ ಬರೋ ನಾಲ್ಕು ರಾತ್ರಿಯದ್ದು. ಮೂರು ದುಬೈ ಕಡೆ. ಇವರ ಫ್ರೆಂಡ್ ಒಬ್ರು ಯುರೋಪಿಗೇ ಹೋಗಿ ಅಂತಾರೆ, ಅವರಿಗೆ ಮಕ್ಕಳಿಲ್ಲ. ನಮ್ಮ ಜೊತೆ ಅತ್ತೆಯೂ ಬರ್ತಾರೆ, ವಯಸ್ಸು 66, ಸೋಮವಾರ ಮೀನು ಮುಟ್ಟಲ್ಲ, ಉಳಿದ ದಿನ ಮೀನಿಲ್ದೆ ಊಟ ಇಳಿಯಲ್ಲ. ಬಜೆಟ್ ಎಲ್ಲಾ ಸೇರಿ ಮೂರೂವರೆ ಲಕ್ಷ ಅಂದ್ಕೊಂಡಿದೇವೆ, ನಾಲ್ಕಾದ್ರೆ ಬೈಸ್ಕೊಂಡು ಕೊಡ್ತೇವೆ. ಹೋಗಿ ಬಂದವರು ಹೇಳಿ, ಗೂಗಲ್ ನೋಡಿ ಹೇಳೋದು ನನಗೂ ಬರ್ತದೆ.

ಎರಡ್ಮಕ್ಳಮ್ಮ, ಕುಮಟಾ

ನಾನು ಹೋಗಿ ಬಂದವಳು, ಆದ್ರೆ ಎಲ್ಲಿಗೆ ಅಂತ ಹೇಳಿದ್ರೆ ನಗಬೇಡಿ. ಮುಂಬೈ ಟು ಗೋವಾ. ಅಂದ್ರೆ ಕುಮಟಾದಿಂದ ಮತ್ಸ್ಯಗಂಧ ರೈಲು ಹತ್ತಿ ಇಡೀ ರಾತ್ರಿ ಗೋವಾ ದಾಟ್ಕೊಂಡು ಮುಂಬೈಗೆ ಹೋಗಿ, ಅಲ್ಲಿ ಬಲ್ಲಾರ್ಡ್ ಪಿಯರ್ ಹತ್ರ ಬಿಸಿಲಲ್ಲಿ ಮಕ್ಕಳನ್ನ ಎತ್ಕೊಂಡು ಲೈನಲ್ಲಿ ನಿಂತು, ಹಡಗು ಹತ್ತಿ, ಮಾರನೇ ದಿನ ವಾಪಸ್ ಗೋವಾದಲ್ಲಿ ಇಳಿದದ್ದು. ನಮ್ಮಪ್ಪ ಇವತ್ತಿಗೂ ಅದನ್ನ ಮದುವೆ ಮನೆಯಲ್ಲಿ ಹೇಳಿ ನಗಾಡ್ತಾರೆ.

ಆದ್ರೆ ಅದ್ರಿಂದ ಕಲಿತದ್ದು ತುಂಬಾ ಉಂಟು. ಡೈಪರ್ ಹಾಕೋ ಮಗುವನ್ನ ಸ್ವಿಮ್ಮಿಂಗ್ ಪೂಲಿಗೆ ಬಿಡುದಿಲ್ಲ, ಹೆಚ್ಚಿನ ಹಡಗಲ್ಲೂ ಇದೇ ರೂಲ್ಸು, ನಮಗೆ ಯಾರೂ ಹೇಳ್ಲಿಲ್ಲ. ದೊಡ್ಡವಳು ನೀರಲ್ಲಿ, ಸಣ್ಣವನು ದಡದಲ್ಲಿ ನಿಂತು ಕಿರುಚ್ತಾ, ನಾನು ಮಧ್ಯದಲ್ಲಿ. ಕಿಡ್ಸ್ ಕ್ಲಬ್ ಅಂತ ಇರ್ತದಲ್ಲ, ಅಲ್ಲಿ ಒಬ್ರನ್ನೇ ಬಿಟ್ಟು ಬರಬೇಕಾದ್ರೆ ಸಾಮಾನ್ಯ ಮೂರು ವರ್ಷ ಆಗಿರಬೇಕು, ಟಾಯ್ಲೆಟ್ ಅಭ್ಯಾಸನೂ ಆಗಿರಬೇಕು. ಹಾಗಾಗಿ ನಿಮ್ಮ ಮಗಳಿಗೆ ಮಜಾ, ಮಗನ ಹಿಂದೆ ನೀವೇ ಓಡಬೇಕು. ಅತ್ತೆ ಬರ್ತಾರೆ ಅಂದ್ರಲ್ಲ, ಅದು ಒಳ್ಳೇದಾಯ್ತು, ಆದ್ರೆ ಅವರನ್ನ ಮೊಮ್ಮಗನ ಕಾವಲಿಗೆ ಅಂತಲೇ ಕರ್ಕೊಂಡು ಹೋಗಬೇಡಿ ಪಾಪ.

ಇನ್ನೊಂದು, ಎರಡು ರಾತ್ರಿಯ ವೀಕೆಂಡ್ ಟ್ರಿಪ್ಪಲ್ಲಿ ಬ್ಯಾಚುಲರ್ ಪಾರ್ಟಿಯವರು ಜಾಸ್ತಿ, ನಮ್ಮ ರೂಮಿಗೆ ಡಿಜೆ ಸೌಂಡು ರಾತ್ರಿ ಒಂದರ ತನಕ ಕೇಳ್ತಿತ್ತು. ಬುಕ್ ಮಾಡುಕೆ ಮುಂಚೆ ಹಡಗಿನ ನಕ್ಷೆ ತೆಗೆದು ನಿಮ್ಮ ರೂಮಿನ ಮೇಲೆ ಕೆಳಗೆ ಏನುಂಟು ನೋಡ್ಕೊಳ್ಳಿ. "ಮಕ್ಕಳಿಗೆ ಫ್ರೀ" ಅಂತ ನಮಗೆ ಹೇಳಿದ ಏಜೆಂಟು ಕೊನೆಗೆ ಮಕ್ಕಳ ಹೆಸರಲ್ಲೂ ಪೋರ್ಟ್ ಚಾರ್ಜು, ಟ್ಯಾಕ್ಸು, ಟಿಪ್ಸು ಅಂತ ಬಿಲ್ ಕೊಟ್ಟ.

ಹಳೇ ಹಡಗಿನವ, ಅಂಕೋಲಾ

ತಂಗಿ, ನಾನು ಒಂಬತ್ತು ವರ್ಷ ದೊಡ್ಡ ಹಡಗಲ್ಲಿ ಹೌಸ್‌ಕೀಪಿಂಗ್ ಮಾಡಿದವ, ಈಗ ಊರಲ್ಲಿ ತೋಟ. ಜನ ಎಲ್ಲಿಗೆ ಹೋಗೋದು ಅಂತ ಯೋಚನೆ ಮಾಡ್ತಾರೆ, ಸಣ್ಣ ಮಕ್ಕಳಿದ್ದವರು ಮೊದಲು ನೋಡಬೇಕಾದ್ದು ಹಡಗಿಂದ ಇಳಿಯೋದು ಹೇಗೆ ಅಂತ. ಕೆಲವು ಕಡೆ ಹಡಗು ಧಕ್ಕೆಗೆ ಬಂದು ತಾಗಿ ನಿಲ್ತದೆ, ಮಗುವನ್ನ ಗಾಡಿಯಲ್ಲಿ ಕೂರಿಸಿ ತಳ್ಕೊಂಡು ಇಳೀಬಹುದು. ಕೆಲವು ಕಡೆ ಹಡಗು ದೂರದಲ್ಲಿ ಲಂಗರು ಹಾಕ್ತದೆ, ನಿಮ್ಮನ್ನ ಸಣ್ಣ ಬೋಟಿಗೆ ಇಳಿಸಿ ದಡಕ್ಕೆ ಬಿಡ್ತಾರೆ, ಇದಕ್ಕೆ ಟೆಂಡರಿಂಗ್ ಅಂತಾರೆ. ಹಡಗು ಸುಮ್ಮನಿರ್ತದೆ, ಬೋಟು ಮೇಲೆ ಕೆಳಗೆ ಆಡ್ತಾ ಇರ್ತದೆ, ಆ ಒಂದು ಹೆಜ್ಜೆ ಇಡೋವಾಗ ಕಂಕುಳಲ್ಲಿ ಮಗು, ಹಿಂದೆ ಮಂಡಿನೋವಿನ ಅಜ್ಜಿ. ನಾನು ನಿಂತು ನೋಡಿದವ, ಸಿಬ್ಬಂದಿ ಕೈ ಹಿಡೀತಾರೆ, ಆದ್ರೂ ಸಮಾಧಾನ ಇರಲ್ಲ. ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ, 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರೋವಾಗ ಬೋಟು ಮಗುಚಿದ್ದು ಯಾರಿಗೆ ಮರ್ತಿದೆ. ಕ್ರೂಸ್ ಬೋಟು ಅಂಥದ್ದಲ್ಲ, ಲೆಕ್ಕ ಹಾಕಿಯೇ ಜನ ತುಂಬ್ತಾರೆ, ಆದ್ರೂ ಮಗುವಿನ ಅಳತೆಯ ಲೈಫ್ ಜಾಕೆಟ್ ಕೇಳಿ ತೊಡಿಸಿ, ಕೇಳೋಕೆ ನಾಚಿಕೆ ಬೇಡ.

ಲಕ್ಷದ್ವೀಪದಲ್ಲಿ ಇದೇ ಕಥೆ. ಸುತ್ತ ಹವಳದ ದಿಬ್ಬ, ದೊಡ್ಡ ಹಡಗು ಒಳಗೆ ಹೋಗೋಕೆ ಆಗಲ್ಲ, ಹೊರಗೆ ನಿಂತು ಬೋಟಲ್ಲೇ ಇಳಿಸೋದು. ಇಳಿದ ಮೇಲೆ ಸ್ವರ್ಗ ಬಿಡಿ, ದಿಬ್ಬದ ಒಳಗೆ ನೀರು ಕೆರೆ ಥರ ನಿಂತಿರ್ತದೆ, ಮಕ್ಕಳು ಮೊಣಕಾಲು ನೀರಲ್ಲಿ ಗಂಟೆಗಟ್ಟಲೆ ಆಡ್ತವೆ, ನಮ್ಮ ಕಾರವಾರದ ತೆರೆ ಹಂಗೆ ಎಳೆಯೋದಿಲ್ಲ. ಆದ್ರೆ ಸಮುದ್ರ ಸರಿ ಇಲ್ಲ ಅಂದ್ರೆ ಇಳಿಸೋದೇ ಇಲ್ಲ, ದೂರದಿಂದ ತೆಂಗಿನಮರ ನೋಡಿ ವಾಪಸ್. ಪರ್ಮಿಟ್ಟೂ ಬೇಕು ಅಲ್ಲಿಗೆ. ಕೊಚ್ಚಿಯಿಂದ ಲಕ್ಷದ್ವೀಪದವರದ್ದೇ ಸರ್ಕಾರಿ ಪ್ಯಾಕೇಜ್ ಇದೆ, ಸಮುದ್ರಂ ಅಂತ, ಹಗಲು ದ್ವೀಪ ರಾತ್ರಿ ಹಡಗು, ಕವರತ್ತಿ ಕಲ್ಪೇನಿ ಮಿನಿಕಾಯ್ ತೋರಿಸ್ತಾರೆ, ಆದ್ರೆ ಅದು ಸಾದಾ ಪ್ರಯಾಣಿಕರ ಹಡಗು, ಜಾರುಬಂಡಿ ಪೂಲು ಎಲ್ಲ ಕೇಳಬೇಡಿ.

ಯುರೋಪ್ ಅಂದವರಿಗೆ ಹೇಳಿ, ರೋಮ್ ಅಂತ ಬರೆದಿರ್ತಾರೆ, ಹಡಗು ನಿಲ್ಲೋದು ಚಿವಿಟವೆಕ್ಕಿಯಾ ಅನ್ನೋ ಬಂದರಲ್ಲಿ, ಅಲ್ಲಿಂದ ರೋಮ್ ಎಪ್ಪತ್ತು ಕಿಲೋಮೀಟರ್ ಮೇಲೆ. ಕಾರವಾರದಲ್ಲಿ ಇಳಿಸಿ ಮಡಗಾಂವ್ ನೋಡ್ಕೊಂಡು ಸಂಜೆಯೊಳಗೆ ಬನ್ನಿ ಅಂದ ಹಾಗೆ. ಜುಲೈ ಬಿಸಿಲಲ್ಲಿ ಕಲ್ಲುಹಾಸಿನ ರಸ್ತೆ ಮೇಲೆ ಮಗುವಿನ ಗಾಡಿ ತಳ್ಳೋ ಅಪ್ಪಂದಿರ ಮುಖ ನಾನು ಸಂಜೆ ಲಿಫ್ಟಲ್ಲಿ ನೋಡ್ತಿದ್ದೆ.

ರೂಮು ನಡು ಹಡಗಲ್ಲಿ, ಕೆಳಗಿನ ಡೆಕ್ಕಲ್ಲಿ ತಗೊಳ್ಳಿ, ಅಲ್ಲಿ ಅಲುಗಾಟ ಕಮ್ಮಿ, ರೇಟೂ ಕಮ್ಮಿ. ಬಾಲ್ಕನಿ ಮೇಲ್ಗಡೆ ಹೆಚ್ಚು ತೂಗ್ತದೆ, ಜೊತೆಗೆ ಎರಡು ವರ್ಷದ ಮಗು ಕುರ್ಚಿ ಎಳೆದು ಹತ್ತೋ ವಯಸ್ಸು. ತೊಟ್ಟಿಲ ಥರದ ಮಂಚ ಫ್ರೀಯಾಗಿ ಕೊಡ್ತಾರೆ, ಮುಂಚೆಯೇ ಬರೆಸಿಡಿ. ಗಾಡಿ ಮಡಚೋ ನಮೂನೆದು ತಗೊಂಡು ಹೋಗಿ, ರೂಮಿನ ಬಾಗಿಲು ಸಣ್ಣದು.

ಅಪ್ಪೆಮಿಡಿ, ಶಿರಸಿ

ಎಂತಕ್ಕೆ ಅಷ್ಟು ದೂರ ಹೇಳಿ. ಎರಡು ವರ್ಷದ ಕೂಸಿಗೆ ಪುಕೆಟ್ಟೂ ಒಂದೇ, ಹೊನ್ನಾವರವೂ ಒಂದೇ. ಶರಾವತಿ ಹಿನ್ನೀರಲ್ಲಿ ಬೋಟ್ ಹತ್ತಿಸಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡಿಗೆ ಸೇತುವೆ ಮೇಲೆ ಓಡಾಡಿಸಿ, ಸಾಯಂಕಾಲ ಮನೆಗೆ ಬಂದು ಮಲಗಿ. ನಾಲ್ಕು ಲಕ್ಷ ಉಳೀತು.

ಹೋಗ್ತೇವೆ ಅಂತಲೇ ಹಟ ಇದ್ರೆ ಒಂದು ಪರೀಕ್ಷೆ ಇದೆ. ಮಕ್ಕಳಿಗೆ ಹೊಟ್ಟೆ ತುಂಬ ಇಡ್ಲಿ ತಿನ್ನಿಸಿ ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿಸಿ. ಮೇಲೆ ಬರೋ ತನಕ ಇಡ್ಲಿ ಒಳಗೇ ಇದ್ರೆ ಅಡ್ಡಿಲ್ಲೆ, ಯಾವ ಸಮುದ್ರಕ್ಕೂ ಕರ್ಕೊಂಡು ಹೋಗಿ. ನಮ್ಮ ಮಗ ಮೂರನೇ ತಿರುವಿಗೇ ಕೈ ಕೊಟ್ಟ, ನಾವು ಕ್ರೂಸ್ ಕನಸು ಅಲ್ಲೇ ಬಿಟ್ವಿ.

ಎರಡ್ಮಕ್ಳಮ್ಮ, ಕುಮಟಾ

ಅಪ್ಪೆಮಿಡಿ ಅವ್ರೆ, ತಮಾಷೆ ಅಂದ್ಕೊಂಡೆ, ಆದ್ರೆ ವಿಷಯ ಉಂಟು. ನಮ್ಮ ಮಕ್ಕಳ ಡಾಕ್ಟ್ರು ಹೇಳಿದ್ದು, ಎರಡು ವರ್ಷದೊಳಗಿನ ಮಕ್ಕಳಿಗೆ ಈ ಪ್ರಯಾಣದ ವಾಂತಿ ಅಪರೂಪವಂತೆ, ಆರರಿಂದ ಹನ್ನೆರಡರ ತನಕ ಜಾಸ್ತಿಯಂತೆ. ಹಾಗಾಗಿ ಚಿಂತೆ ದೊಡ್ಡವಳದ್ದೇ. ವಾಂತಿ ತಡೆಯೋ ಅವೋಮಿನ್ ಮಾತ್ರೆಯನ್ನ ಎರಡು ತುಂಬದ ಮಗುವಿಗೆ ಕೊಡಲೇಬಾರ್ದು, ನಮ್ಮೂರಲ್ಲಿ ಬಸ್ ಹತ್ತುಕೆ ಮುಂಚೆ ಎಲ್ರಿಗೂ ಅರ್ಧರ್ಧ ಮುರಿದು ಕೊಡೋ ಅಭ್ಯಾಸ ಉಂಟಲ್ಲ, ಅದಕ್ಕೆ ಹೇಳಿದೆ. ದೊಡ್ಡವಳಿಗೂ ಡಾಕ್ಟ್ರನ್ನ ಕೇಳಿಯೇ ಕೊಡಿ. ಡೆಕ್ ಮೇಲೆ ಕರ್ಕೊಂಡು ಹೋಗಿ ದೂರದ ಬಾನಂಚು ನೋಡು ಅಂದ್ರೆ ಅರ್ಧ ಸರಿ ಆಗ್ತದೆ, ಮೊಬೈಲ್ ಕೊಟ್ರೆ ಕೆಟ್ಟಿತು.

ಭಟ್ಕಳಿಗ

ನಾನು ದುಬೈಯಲ್ಲಿ ಹನ್ನೊಂದು ವರ್ಷದಿಂದ ಇದೇನೆ, ಊರಿಂದ ಬಂದವರನ್ನ ಬಂದರಿಗೆ ಬಿಟ್ಟು ಕರ್ಕೊಂಡು ಬರೋದೇ ನನಗೆ ಚಳಿಗಾಲದ ಕೆಲಸ. ನವೆಂಬರಿಂದ ಮಾರ್ಚ್ ತನಕ ಮಾತ್ರ ಬನ್ನಿ. ಏಪ್ರಿಲ್ ಮೇ ರಜೆಗೆ ಅಂತ ಬಂದ್ರೆ ಮಕ್ಕಳು ಬೇಯ್ತವೆ. ಇಲ್ಲಿ ಕೊಲ್ಲಿ ಸಮುದ್ರ, ಅರಬ್ಬಿಯಷ್ಟು ತೆರೆ ಇರಲ್ಲ. ಅಬುಧಾಬಿಯವರದ್ದು ಸರ್ ಬನಿ ಯಾಸ್ ಅಂತ ಒಂದು ದ್ವೀಪ ಇದೆ, ಕ್ರೂಸಿನವರಿಗೆ ಅಂತಲೇ ಬೀಚ್ ಮಾಡಿಟ್ಟಿದಾರೆ, ನೀರು ಆಳ ಇಲ್ಲ. ಹಡಗು ಓಮಾನ್ ಅಥವಾ ದೋಹಾ ಹೋಗಿ ವಾಪಸ್ ದುಬೈಗೆ ಬರೋದಾದ್ರೆ ಯುಎಇ ವೀಸಾ ಮಲ್ಟಿಪಲ್ ಎಂಟ್ರಿದೇ, ಅಂದ್ರೆ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರೋಕೆ ಆಗೋದೇ ಬೇಕು, ಒಂದು ಕುಟುಂಬ ಇದನ್ನ ನೋಡ್ದೆ ಬಂದು ಕೊನೇ ಗಳಿಗೆಯಲ್ಲಿ ನನಗೆ ಓಡಾಟ. ಮಂಗಳೂರಿಂದ ನೇರ ವಿಮಾನ ಇದೆ, ನಿಮಗೆ ರೈಲಿಂದಿಳಿದು ಹತ್ತಬಹುದು. ಆದ್ರೆ ನಿಜ ಹೇಳ್ಬೇಕಂದ್ರೆ ಇದು ಏಳು ರಾತ್ರಿಯ ಟ್ರಿಪ್ಪೇ ಜಾಸ್ತಿ, ಸಣ್ಣ ಮಗುಗೆ ಉದ್ದ ಆಯ್ತು.

ಬನವಾಸಿ ಹುಡುಗಿ

ನಾವು ಶಿರಸಿ ಕಡೆಯವರು, ಸದ್ಯ ಬೆಂಗಳೂರು. ಕಳೆದ ವರ್ಷ ಸಿಂಗಾಪುರದ್ದು ಮಾಡಿದ್ವಿ, ಮಗು ಆಗ ಎರಡೂವರೆ. ನನ್ನ ಓಟು ಅದಕ್ಕೇ, ಆದ್ರೆ ಯಾವ ಊರಿಗೆ ಹೋಗ್ತದೆ ನೋಡಿ ತಗೊಳ್ಳಿ. ಪೆನಾಂಗ್ ಇದ್ರೆ ಕಣ್ಣು ಮುಚ್ಚಿ ತಗೊಳ್ಳಿ, ಹಡಗು ಜಾರ್ಜ್‌ಟೌನ್ ಊರ ಪಕ್ಕದಲ್ಲೇ ಧಕ್ಕೆಗೆ ನಿಲ್ತದೆ, ಇಳಿದು ನಡ್ಕೊಂಡು ಹೋದ್ರೆ ಲಿಟಲ್ ಇಂಡಿಯಾ, ಇಡ್ಲಿ ದೋಸೆ ಎಲ್ಲ ಸಿಗ್ತದೆ. ಮಗುಗೆ ನಿದ್ದೆ ಬಂತು ಅಂದ್ರೆ ವಾಪಸ್ ರೂಮು. ಪೋರ್ಟ್ ಕ್ಲಾಂಗ್ ಅಂತ ಇದ್ರೆ ಅದು ಕೌಲಾಲಂಪುರ ಅಲ್ಲ, ಅಲ್ಲಿಂದ ಬಸ್ಸಲ್ಲಿ ಗಂಟೆ ಮೇಲೆ, ನಾವು ಇಳೀಲೇ ಇಲ್ಲ. ಎಲ್ಲರೂ ಊರು ನೋಡೋಕೆ ಹೋಗಿದ್ರು, ಇಡೀ ಹಡಗಿನ ಆಟದ ಜಾಗ ನಮ್ಮದೇ, ಟ್ರಿಪ್ಪಿನಲ್ಲಿ ಅತ್ಯಂತ ಖುಷಿಯ ದಿನ ಅದೇ. ಪುಕೆಟ್‌ನಲ್ಲಿ ಪಟಾಂಗ್ ಬೀಚ್ ಎದುರು ನಿಂತು ಬೋಟಲ್ಲಿ ಇಳಿಸಿದ್ರು, ಅಂಕೋಲಾ ಅಣ್ಣ ಹೇಳಿದ್ದೇ ಅನುಭವ.

ವೀಸಾ ಇಲ್ಲೂ ಅದೇ, ಹಡಗು ಮಲೇಷ್ಯಾಕ್ಕೆ ಹೋಗಿ ಬಂದ್ರೆ ಸಿಂಗಾಪುರಕ್ಕೆ ಎರಡನೇ ಸಲ ಒಳಗೆ ಬಂದ ಲೆಕ್ಕ. ಮತ್ತೆ ಮಗನಿಗೆ ಎರಡು ತುಂಬೋದ್ರೊಳಗೆ ಹೋಗಿ ವಾಪಸ್ ಬಂದುಬಿಟ್ರೆ ವಿಮಾನದಲ್ಲಿ ತೊಡೆ ಮೇಲೆ ಕೂರಿಸ್ಕೊಂಡು ಇನ್ಫಂಟ್ ಟಿಕೆಟಲ್ಲಿ ಆಗ್ತದೆ, ಆಮೇಲೆ ಅವನಿಗೂ ಒಂದು ಸೀಟ್ ದುಡ್ಡು. ವಿಮಾನ ಇಳಿದ ದಿನವೇ ಹಡಗು ಹತ್ತಬೇಡಿ, ಒಂದು ರಾತ್ರಿ ಮುಂಚೆ ಹೋಗಿ, ಫ್ಲೈಟ್ ಲೇಟಾದ್ರೆ ಹಡಗು ಕಾಯಲ್ಲ.

ಕಾಳಿದಂಡೆ, ಕಾರವಾರ

ಎಲ್ರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಜೋರಾಗಿ ಓದಿದೆ. ಬೋಟಿನ ವಿಷಯ ಕೇಳಿದ್ದೇ ಅತ್ತೆ "ಲಕ್ಷದ್ವೀಪ ನನಗೆ ಬೇಡ, ನೀವು ಹೋಗೋದಾದ್ರೆ ಹೋಗಿ" ಅಂದ್ರು, ಅಂದ್ರೆ ಯಾರೂ ಹೋಗೋ ಹಾಗಿಲ್ಲ ಅಂತ ಅರ್ಥ. ದುಬೈ ಏಳು ರಾತ್ರಿ ಜಾಸ್ತಿಯಾಯ್ತು. ಸಿಂಗಾಪುರ, ಪೆನಾಂಗ್ ಇರೋದು, ಪುಕೆಟ್ ಬಿಟ್ಟು, ಮೂರು ರಾತ್ರಿಯದ್ದು ಸಾಕು ಅಂತ ಒಂದು ಹಂತಕ್ಕೆ ಬಂದಿದೇವೆ. ಡಿಸೆಂಬರ್ ಮೊದಲ ವಾರ, ಮಗನಿಗೆ ಎರಡು ತುಂಬೋ ಮುಂಚೆ. ಮಗಳ ಶಾಲೆಗೆ ಒಂದು ವಾರ ರಜೆ ಹಾಕಬೇಕು, ಟೀಚರಿಗೆ ಹೇಗೂ ಸುದ್ದಿ ಗೊತ್ತು. ಅದಕ್ಕೂ ಮುಂಚೆ ಈ ಭಾನುವಾರ ತದಡಿಯಿಂದ ಅಘನಾಶಿನಿಗೆ ಬಾರ್ಜಲ್ಲಿ ದಾಟಿಸಿ, ಹಾಗೇ ದೇವಿಮನೆ ಘಟ್ಟ ಹತ್ತಿಸಿ ಬರ್ತೇವೆ, ಇಡ್ಲಿ ಸಮೇತ. ಪಾಸೋ ಫೇಲೋ ಬಂದು ಹೇಳ್ತೆ.

ಅತ್ತೆಯದ್ದು ಒಂದೇ ಪ್ರಶ್ನೆ ಉಳಿದಿದೆ. ಹಡಗಲ್ಲಿ ಮೀನು ಸಿಗ್ತದಾ?

ಹಳೇ ಹಡಗಿನವ, ಅಂಕೋಲಾ

ದಿನಾ ಸಿಗ್ತದೆ ತಂಗಿ, ಆದ್ರೆ ಸಾಲ್ಮನ್ನು, ಉಪ್ಪು ಖಾರ ಹುಳಿ ಏನೂ ಇರಲ್ಲ, ಮೇಲೆ ಒಂದು ಲಿಂಬೆ ಚೂರು ಇಟ್ಟು ಕೊಡ್ತಾರೆ. ನಮ್ಮ ಇಶ್ವಾಣ ಮೀನು ಅಂತ ಮಾತ್ರ ಹೇಳಿ ಬಡಿಸಬೇಡಿ, ಕಾರವಾರದವರು ಒಂದೇ ತುತ್ತಿಗೆ ಕಂಡುಹಿಡೀತಾರೆ.