ಹೊಟ್ಟೆ ಕ್ಯಾನ್ಸರ್ ವರದಿಯಲ್ಲಿ 'ಹರ್-2: 2+' ಅಂತಿದೆ, ಮುಂದೇನು?

ಅಪ್ಪನಿಗೆ ಜಠರದ ಕ್ಯಾನ್ಸರ್, ಲಿವರ್‌ಗೂ ಹಬ್ಬಿದೆ. ಬಯಾಪ್ಸಿಯಲ್ಲಿ 'ಹರ್-2: 2+' ಬಂದಿದೆ. ಇದು ಪಾಸಿಟಿವ್ವಾ? ಡಾಕ್ಟರ ಹತ್ತಿರ ಏನೇನು ಕೇಳಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಪೆಥಾಲಜಿಯವರು: ಹರ್-2 ಅನ್ನೋದು ಕೋಶದ ಮೇಲಿನ ಒಂದು ಪ್ರೋಟೀನ್; ಬಯಾಪ್ಸಿ ತುಣುಕಿಗೆ ಬಣ್ಣ ಹಾಕಿ ಅದು ಎಷ್ಟಿದೆ ಅಂತ 0ಯಿಂದ 3+ ವರೆಗೆ ಅಂಕ ಕೊಡ್ತಾರೆ. 2+ ಅಂದರೆ ಇನ್ನೂ ತೀರ್ಮಾನವಾಗಿಲ್ಲ. ಅದೇ ಬ್ಲಾಕ್ (ತುಣುಕನ್ನು ಕೂರಿಸಿಟ್ಟ ಮೇಣದ ಗಟ್ಟಿ) ಮೇಲೆ ಫಿಶ್, ಅಂದರೆ ಹರ್-2 ಜೀನಿನ ಪ್ರತಿಗಳನ್ನು ಎಣಿಸುವ ಪರೀಕ್ಷೆ, ಮಾಡಿಸಲೇಬೇಕು. ಹರ್-2 ಜೀನ್ ಮತ್ತು 17ನೇ ಕ್ರೋಮೋಸೋಮಿನ ಗುರುತು, ಇವೆರಡರ ಅನುಪಾತ 2 ಅಥವಾ ಹೆಚ್ಚಿದ್ದರೆ ಪಾಸಿಟಿವ್. ಜಠರದ ಮಾನದಂಡದಲ್ಲೇ ಓದಿದ್ದಾರಾ ಅಂತಲೂ ಕೇಳಿ. ಸ್ತನ ಕ್ಯಾನ್ಸರಿನಲ್ಲಿ 3+ ಅನ್ನಲು ಕೋಶದ ಪೊರೆಯ ಸುತ್ತಲೂ ಬಣ್ಣ ಹಿಡಿದಿರಬೇಕು. ಜಠರದಲ್ಲಿ ತಳಕ್ಕೂ ಪಕ್ಕಗಳಿಗೂ ಹಿಡಿದು ಮೇಲ್ಭಾಗ ಖಾಲಿ ಇದ್ದರೂ ಲೆಕ್ಕಕ್ಕೆ ಬರುತ್ತೆ. ಬಯಾಪ್ಸಿಯಲ್ಲಿ ಅಂಥ 5 ಕೋಶಗಳ ಗುಂಪು ಸಾಕು, ಆಪರೇಷನ್ ಮಾಡಿ ತೆಗೆದ ಭಾಗದಲ್ಲಾದರೆ 10% ಕೋಶಗಳು ಬೇಕು.

ಎಂಡೋಸ್ಕೋಪಿಯವರು: ಎಷ್ಟು ತುಣುಕು ತೆಗೆದಿದ್ದಾರೆ ನೋಡಿ. ಒಂದೇ ಗಡ್ಡೆಯ ಒಂದು ಮೂಲೆ ಪಾಸಿಟಿವ್, ಪಕ್ಕದ್ದು ನೆಗೆಟಿವ್ ಇರೋದು ಈ ಕಾಯಿಲೆಯಲ್ಲಿ ಸಾಮಾನ್ಯ. 6ರಿಂದ 8 ತುಣುಕು ಇದ್ದರೆ ಒಳ್ಳೇದು. ಎರಡೇ ತುಣುಕಿನಲ್ಲಿ ಬಂದ ನೆಗೆಟಿವ್ ನಂಬಿ ಕೂರಬೇಡಿ. ತುಣುಕನ್ನು ಫಾರ್ಮಲಿನ್‌ನಲ್ಲಿ (ಕೆಡದಂತೆ ಇಡುವ ದ್ರಾವಣ) 6 ಗಂಟೆಗಿಂತ ಕಡಿಮೆ ಅಥವಾ 72 ಗಂಟೆ ಮೀರಿ ಇಟ್ಟಿದ್ದರೂ ಫಲಿತಾಂಶ ಕೆಡುತ್ತೆ.

ಕೇಳಿದವರು: ಫಿಶ್ ಬರೋವರೆಗೂ ಕೀಮೋಗೆ ಕಾಯಬೇಕಾ?

ಆಂಕಾಲಜಿಯವರು: ಬೇಡ. ಕೀಮೋ ಶುರುವಾಗಲಿ, ಪಾಸಿಟಿವ್ ಬಂದರೆ ಮುಂದಿನ ಸೈಕಲ್‌ನಿಂದ ಟ್ರಾಸ್ಟುಜುಮ್ಯಾಬ್ ಎಂಬ ಹರ್-2 ವಿರುದ್ಧದ ಔಷಧಿ ಸೇರಿಸಬಹುದು. ಹರ್-2 ಕೋಶದ ಪೊರೆಯ ಮೇಲಿರುವ ಗ್ರಾಹಕ ಪ್ರೋಟೀನ್. ಅತಿಯಾದಾಗ ತನ್ನಂಥದರ ಜೊತೆಗೋ ಅದೇ ಕುಟುಂಬದ ಹರ್-3 ಜೊತೆಗೋ ಜೋಡಿ ಕಟ್ಟಿ ಒಳಗೆ ಸಂಕೇತ ಕಳಿಸುತ್ತಲೇ ಇರುತ್ತೆ. ರಾಸ್ ಎಂಬ ಸಂಕೇತ ಮಾರ್ಗ ಕೋಶವನ್ನು ವಿಭಜನೆಗೆ ತಳ್ಳುತ್ತೆ, ಪಿಐ3ಕೆ–ಎಕೆಟಿ ಮಾರ್ಗ ಸಾಯಬೇಕಾದ ಕೋಶವನ್ನು ಉಳಿಸುತ್ತೆ, ಅದು ಜಾಗ ಬಿಟ್ಟು ಹರಡೋಕೂ ನೆರವಾಗುತ್ತೆ. ಔಷಧಿ ಆ ಗ್ರಾಹಕವನ್ನೇ ಹಿಡಿಯುತ್ತೆ. ಹಾಗಾಗಿಯೇ ಫಿಶ್‌ಗೆ ಇಷ್ಟು ಮಹತ್ವ. 2010ರ ಟೋಗಾ ಅಧ್ಯಯನದಲ್ಲಿ ಕೀಮೋ ಮಾತ್ರ ಪಡೆದವರ ಮಧ್ಯಮ ಬದುಕುಳಿವು 11.1 ತಿಂಗಳು, ಇದನ್ನೂ ಪಡೆದವರದು 13.8. 3+ ಇದ್ದವರನ್ನೂ, 2+ ಜೊತೆ ಫಿಶ್ ಪಾಸಿಟಿವ್ ಇದ್ದವರನ್ನೂ ಮಾತ್ರ ನೋಡಿದರೆ 11.8ಕ್ಕೆ 16.

ಟ್ರಾಸ್ಟುಜುಮ್ಯಾಬ್‌ನ ಮೊದಲ ಡೋಸ್ ಕೆಜಿಗೆ 8 ಮಿಗ್ರಾಂ, ಆಮೇಲೆ ಮೂರು ವಾರಕ್ಕೊಮ್ಮೆ 6. ಅಂದರೆ 50 ಕೆಜಿಯವರಿಗೆ 400, ನಂತರ 300. ಒಂದು ವಾರಕ್ಕಿಂತ ತಡವಾದರೆ ಮತ್ತೆ 8ರಿಂದಲೇ ಶುರು, ಆದ್ದರಿಂದ ತಾರೀಖು ತಪ್ಪಿಸಬೇಡಿ. ಶುರುವಿಗೆ ಮೊದಲೂ ಆಮೇಲೆ ಮೂರು ತಿಂಗಳಿಗೊಮ್ಮೆಯೂ ಹೃದಯದ ಎಕೋ ಸ್ಕ್ಯಾನ್ ಬೇಕು. ಎಪಿರುಬಿಸಿನ್ ಎಂಬ ಕೀಮೋ ಔಷಧಿ ಜೊತೆ ಕೊಡಬಾರದು, ಹೃದಯಕ್ಕೆ ಪೆಟ್ಟು. ಇಮ್ಯುನೋಥೆರಪಿ ನೆರವಾಗಬಹುದಾ ಅಂತ ಸೂಚಿಸುವ ಪಿಡಿ-ಎಲ್1 ಪರೀಕ್ಷೆಯನ್ನೂ ಈಗಲೇ ಕೇಳಿ.

ಪೆಥಾಲಜಿಯವರು: ಮುಂದೆ ಕಾಯಿಲೆ ಮತ್ತೆ ಬೆಳೆದರೆ ಹಳೇ ವರದಿ ಹಿಡಿದು ಎರಡನೇ ಔಷಧಿಗೆ ಹೋಗಬೇಡಿ. ಟ್ರಾಸ್ಟುಜುಮ್ಯಾಬ್ ಆದಮೇಲೆ ಹಲವರಲ್ಲಿ ಹರ್-2 ಮಾಯವಾಗಿರುತ್ತೆ. ಹೊಸ ಬಯಾಪ್ಸಿ ಮಾಡಿಸಿ. ಬ್ಲಾಕ್ ಆಸ್ಪತ್ರೆಯಲ್ಲೇ ಇರುತ್ತೆ, ಬೇರೆ ಕಡೆ ತೋರಿಸೋದಾದರೆ ಸ್ಲೈಡ್ ಜೊತೆ ಅದನ್ನೂ ಕೇಳಿ ಪಡೆಯಿರಿ.